ಕೋಡಿ ಬಿದ್ದ ವರ್ಷ ಗೋಡೆಗೆ ಬಂದ ಬೂಷ್ಟು

ಮಾರಿಕಣಿವೆಯು 1933ರಲ್ಲಿ ತುಂಬಿ ಕೋಡಿ ಹರಿದ ಸಂಗತಿಯನ್ನು ಮನೆಯ ಹಿರಿಯರ ಬಾಯಲ್ಲಿ ಕೇಳುತ್ತ ಬೆಳೆದ ಪೀಳಿಗೆ ನಮ್ಮದು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ, 1898ರಲ್ಲಿ, ಎರಡು ಗುಡ್ಡಗಳ ನಡುವಣ ಕಣಿವೆಗೆ ಅಡ್ಡಲಾಗಿ ಕಟ್ಟಲಾರಂಭಿಸಿ 1907ರಲ್ಲಿ ಮುಗಿಸಿದ ಈ ಅಣೆಕಟ್ಟೆಯು 130 ಅಡಿ ನೀರು ನಿಲ್ಲಿಸಬಲ್ಲದೆಂಬುದು ನಮಗೆ ಪಾಠದ ಸಂಗತಿಯಾಗಿತ್ತೇ ಹೊರತು ಕಣ್ಣಿನ ಸಂಗತಿಯಾಗಿರಲಿಲ್ಲ. 2022ರ ಸೆಪ್ಟೆಂಬರ್ ಆರಂಭದಲ್ಲಿ, 89 ವರ್ಷಗಳ ತರುವಾಯ, ಮತ್ತೆ ಕೋಡಿ ಬಿತ್ತು. ಹಿರಿಯೂರು, ಹೊಸದುರ್ಗ, ಚಿತ್ರದುರ್ಗ, ಹೊಳಲ್ಕೆರೆಗಳಿಂದ ಜನ ಬುತ್ತಿ ಕಟ್ಟಿಕೊಂಡು ಬಂದು ನೋಡಿದರು. ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿದರು. 2025ರ ಜನವರಿಯಲ್ಲಿಯೂ ಕೋಡಿ ಹರಿಯಿತು.

ಆದರೆ ಆ ಸಂತೋಷದ ಹಿಂದೆಯೇ ಇನ್ನೊಂದು ಅನುಭವವೂ ಬಂದಿತು. ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನಲ್ಲಿ ತೋಟಗಳಿಗೂ ಕೆಲವು ಮನೆಗಳಿಗೂ ನೀರು ನುಗ್ಗಿತು. ನೀರು ನುಗ್ಗದ ಮನೆಗಳಲ್ಲಿಯೂ ತಿಂಗಳುಗಟ್ಟಲೆ ಹಿಡಿದ ಮಳೆಯಿಂದ ಗೋಡೆ ತೊಯ್ದು, ಕಪಾಟಿನ ಹಿಂದೆ, ಅಟ್ಟದ ಮೂಲೆಯಲ್ಲಿ, ಪೂಜಾ ಕೋಣೆಯ ಬುಡದಲ್ಲಿ ಕಪ್ಪಗೆ, ಹಸಿರಗೆ, ಬೂದಿ ಬಣ್ಣದಲ್ಲಿ ಬೂಷ್ಟು ಕಾಣಿಸಿಕೊಂಡಿತು. ಮಲೆನಾಡಿನ ಗೃಹಿಣಿಗೆ ಇದು ಪ್ರತಿ ಆಷಾಢದ ನೆಂಟ; ಅದನ್ನು ಹೇಗೆ ಕಳುಹಿಸಬೇಕೆಂಬುದು ಆಕೆಗೆ ತಾಯಿಯಿಂದ ಬಂದ ವಿದ್ಯೆ. ಬರವನ್ನು ಬಲ್ಲ ನಮ್ಮ ಸೀಮೆಯವರಿಗೆ ಆ ವಿದ್ಯೆ ಬೇಕಾಗಿಯೇ ಇರಲಿಲ್ಲ.

ನನ್ನ ಅಕ್ಕನ ಮನೆ ವೇದಾವತಿಯ ದಂಡೆಗೆ ಸಮೀಪದ ಒಂದು ಗ್ರಾಮದಲ್ಲಿದೆ. ಆ ವರ್ಷ ದೀಪಾವಳಿಗೆ ಮುಂಚೆ ನಾನು ಹೋದಾಗ ಪಡಸಾಲೆಯ ಒಂದು ಗೋಡೆಯಿಡೀ ಕಪ್ಪು ಚುಕ್ಕೆಗಳು. ಹಬ್ಬ ಬಂತೆಂದು ಅಕ್ಕನ ಸೊಸೆ ಹಿಂದಿನ ದಿನವೇ ಬಾಗಿಲು ಹಾಕಿಕೊಂಡು, ಒಣ ಪೊರಕೆಯಿಂದ ಗೋಡೆಯನ್ನೆಲ್ಲ ಗುಡಿಸಿದ್ದಳು. ಅಂದು ರಾತ್ರಿ ಅಕ್ಕನ ಐದು ವರ್ಷದ ಮೊಮ್ಮಗನಿಗೆ ಉಬ್ಬಸ ಹತ್ತಿತು. ಹುಡುಗನಿಗೆ ಮೊದಲೇ ಸ್ವಲ್ಪ ದಮ್ಮಿನ ಗುಣವಿತ್ತು. ಬೆಳಗಿನ ಜಾವ ಹಿರಿಯೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಮಗು ಚೇತರಿಸಿಕೊಂಡಿತು. ಆದರೆ ಆ ಸೊಸೆ, “ಮಾವ, ಸ್ವಚ್ಛ ಮಾಡೋಕೆ ಹೋಗಿ ನಾನೇ ಮಗೂಗೆ ಹಿಂಗೆ ಮಾಡಿದ್ನಾ?” ಎಂದು ಕೇಳಿದಾಗ ನನಗೆ ಉತ್ತರ ಕೊಡುವುದು ಕಷ್ಟವಾಯಿತು. ತಪ್ಪು ಆಕೆಯದಲ್ಲ, ಯಾರೂ ಆಕೆಗೆ ಹೇಳಿರಲಿಲ್ಲ. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣವಾಗಿದೆ.

ಬೂಷ್ಟೆಂಬುದು ಕೊಳೆಯಲ್ಲ, ಜೀವ. ಶಿಲೀಂಧ್ರಗಳೆಂದು ಶಾಸ್ತ್ರಜ್ಞರು ಕರೆಯುವ ವರ್ಗಕ್ಕೆ ಅದು ಸೇರಿದೆ. ಅದರ ಬೀಜಕಣಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿದ್ದು ಎಲ್ಲ ಮನೆಗಳ ಗಾಳಿಯಲ್ಲಿಯೂ ಸದಾ ಇರುತ್ತವೆ. ತೇವವೂ ತಿನ್ನಲು ಒಂದಿಷ್ಟು ಧೂಳು, ಮರ, ಕಾಗದ, ಅಂಟು ಅಥವಾ ಬಣ್ಣವೂ ಸಿಕ್ಕಿದಲ್ಲಿ ಮೊಳೆಯುತ್ತವೆ. ತೊಯ್ದ ವಸ್ತುವನ್ನು ಒಂದೆರಡು ದಿನಗಳೊಳಗೆ ಒಣಗಿಸಿದರೆ ಬಹುಮಟ್ಟಿಗೆ ಅದು ಹುಟ್ಟುವುದೇ ಇಲ್ಲ. ಒಣ ಪೊರಕೆಯಿಂದ ಹೊಡೆದಾಗ ಗೋಡೆಯ ಮೇಲೆ ಸುಮ್ಮನಿದ್ದ ಲಕ್ಷಾಂತರ ಕಣಗಳು ಒಮ್ಮೆಲೇ ಗಾಳಿಗೇರುತ್ತವೆ. ಆರೋಗ್ಯವಂತನಿಗೆ ನಾಲ್ಕು ಸೀನು ಬಂದು ಹೋಗಬಹುದು. ಉಬ್ಬಸದವರಿಗೆ, ಹಸುಗೂಸುಗಳಿಗೆ, ವೃದ್ಧರಿಗೆ, ಶ್ವಾಸಕೋಶದ ಕಾಯಿಲೆಯುಳ್ಳವರಿಗೆ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ, ಇಷ್ಟು ಬೂಷ್ಟು ಇದ್ದರೆ ಚಿಂತೆಯಿಲ್ಲವೆಂಬ ಅಳತೆಯನ್ನು ಹೇಳಲಿಲ್ಲ. ತೇವವನ್ನೇ ತಡೆಯಿರಿ ಎಂದಿತು.

ಇಲ್ಲಿ ಒಂದು ಭಯವನ್ನು ನಿವಾರಿಸಬೇಕು. 2021ರಲ್ಲಿ ಕೊರೋನಾ ಕಾಲದಲ್ಲಿ ‘ಕಪ್ಪು ಶಿಲೀಂಧ್ರ’ ಎಂಬ ಹೆಸರು ಮನೆಮಾತಾಯಿತು. ಗೋಡೆಯ ಕಪ್ಪನ್ನು ಕಂಡೊಡನೆ ಅದೇ ರೋಗವೆಂದು ಹೆದರಿದವರನ್ನು ನಾನು ಕಂಡಿದ್ದೇನೆ. ಆ ರೋಗದ ಶಿಲೀಂಧ್ರ ಬೇರೆ ಜಾತಿಯದು. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಸ್ಟಿರಾಯ್ಡ್ ಔಷಧಗಳಿಂದ ಕುಂದಿದ ದೇಹಶಕ್ತಿ ಇವು ಅದಕ್ಕೆ ದಾರಿ ಮಾಡಿಕೊಟ್ಟವು. ಗೋಡೆಯ ಬಣ್ಣ ನೋಡಿ ರೋಗದ ಹೆಸರು ಹೇಳಲಾಗದು.

ಇನ್ನೊಂದು ಗೊಂದಲ ನಮ್ಮ ಸೀಮೆಗೇ ವಿಶಿಷ್ಟವಾದುದು. ಚೌಳು ಭೂಮಿಯ ಊರುಗಳಲ್ಲಿ ಗೋಡೆಯ ಬುಡದಲ್ಲಿ ಬಿಳಿಯ ಹಿಟ್ಟು ಏಳುತ್ತದೆ. ಅದು ಬೂಷ್ಟಲ್ಲ, ನೆಲದ ನೀರಿನೊಡನೆ ಮೇಲೇರಿದ ಉಪ್ಪು. ಒಂದು ಹನಿ ನೀರು ಹಾಕಿದರೆ ಕರಗಿ ಹೋಗುವುದು ಉಪ್ಪು. ಕರಗದೆ ಮೆತ್ತಗೆ ಬಳಿದುಕೊಳ್ಳುವುದು ಬೂಷ್ಟು. ಆದರೂ ಉಪ್ಪು ಏಳುವ ಗೋಡೆಯು ತೇವ ಕುಡಿಯುತ್ತಿದೆ ಎಂದೇ ಅರ್ಥ. ಇಂದು ಉಪ್ಪು ಬಂದಲ್ಲಿ ನಾಳೆ ಬೂಷ್ಟು ಬರುವುದಕ್ಕೆ ಅಡ್ಡಿಯೇನಿಲ್ಲ.

ಆದುದರಿಂದ ಒರೆಸುವ ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂದು ತಿಳಿಯಬೇಕು. ಒಂದು ಮೊಳ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಅಂಟಿಸಿ ಒಂದು ದಿನ ಬಿಡಿರಿ. ಹಾಳೆಯ ಗೋಡೆಯ ಕಡೆ ಹನಿ ಕಟ್ಟಿದರೆ ತೇವ ಗೋಡೆಯೊಳಗಿನದು. ಕೋಣೆಯ ಕಡೆ ಕಟ್ಟಿದರೆ ಅಡುಗೆಯ ಹಬೆ, ಸ್ನಾನದ ಹಬೆ, ಒಳಗೆ ಒಣಹಾಕಿದ ಬಟ್ಟೆ ಇವುಗಳದು. ಅಕ್ಕನ ಮನೆಯಲ್ಲಿ ಎರಡೂ ಇದ್ದವು. ಅದು ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆ. ಹಿಂದೆ ವರ್ಷಕ್ಕೊಮ್ಮೆ ಮಾಳಿಗೆಯ ಮೇಲೆ ಕರಲು ಮಣ್ಣು ಹರಡಿ, ಬಿರುಕು ಮುಚ್ಚಿ, ನೀರು ಹೋಗುವ ದಂಬೆಯನ್ನು ತೆರವು ಮಾಡುತ್ತಿದ್ದರು. ಹದಿನೈದು ವರ್ಷಗಳ ಹಿಂದೆ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ, ಅದರ ಮೇಲೆ ಹೊಳೆಯುವ ಎಣ್ಣೆಬಣ್ಣ ಬಳಿಸಿದರು. ಮಣ್ಣಿನ ಗೋಡೆ ನೀರು ಕುಡಿದರೂ ಉಸಿರಾಡಿ ಒಣಗುತ್ತದೆ. ಸಿಮೆಂಟು, ಎಣ್ಣೆಬಣ್ಣಗಳು ಆ ಉಸಿರನ್ನು ಕಟ್ಟಿಬಿಡುತ್ತವೆ. ಮಾಳಿಗೆಯ ಗವಾಕ್ಷಿಗೂ ಇಲಿಯ ಕಾಟವೆಂದು ಹಂಚು ಮುಚ್ಚಿದ್ದರು. ಮನೆ ಚೆಂದವಾಯಿತೆಂದು ಆಗ ಹೊಗಳಿದವರಲ್ಲಿ ನಾನೂ ಒಬ್ಬ.

ಇನ್ನು ಒರೆಸುವ ಕ್ರಮ. ಬೂಷ್ಟು ಹಿಡಿದ ಜಾಗ ಸುಮಾರು ಹತ್ತು ಚದರಡಿಯೊಳಗಿದ್ದರೆ ಮನೆಯವರೇ ಮಾಡಿಕೊಳ್ಳಬಹುದು. ಅದಕ್ಕಿಂತ ಹೆಚ್ಚಾಗಿದ್ದರೆ, ಅಥವಾ ಚರಂಡಿಯ ನೀರು ಸೇರಿದ್ದರೆ, ತಿಳಿದ ಕೆಲಸಗಾರರನ್ನು ಕರೆಸುವುದು ಲೇಸು. ಉಬ್ಬಸದವರು, ಗರ್ಭಿಣಿಯರು, ಮಕ್ಕಳು ಆ ಹೊತ್ತು ಬೇರೆ ಮನೆಯಲ್ಲಿರಲಿ. ತೊಯ್ದ ಗೋಡೆಯಲ್ಲಿ ವಿದ್ಯುತ್ ತಂತಿಯಿದ್ದರೆ ಮೊದಲು ಮೈನ್ ಸ್ವಿಚ್ ಆರಿಸಬೇಕು. ಹೊರಗಿನ ಕಿಟಕಿ ತೆರೆದು, ಮನೆಯೊಳಗಣ ಬಾಗಿಲನ್ನು ಮುಚ್ಚಬೇಕು; ಫ್ಯಾನು ಹಾಕಬಾರದು, ಅದು ಕಣಗಳನ್ನು ಮನೆತುಂಬ ಹರಡುತ್ತದೆ. ಮೂಗಿಗೆ ಎನ್-95 ಮುಖಗವಸು ಬೇಕು. ಸೆರಗನ್ನು ಕಟ್ಟಿಕೊಂಡರೆ ಸಾಲದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ. ಮೊದಲು ಸಾಬೂನಿನ ನೀರನ್ನು ಮೆಲ್ಲಗೆ ಸಿಂಪಡಿಸಿ ಬೂಷ್ಟನ್ನು ತೋಯಿಸಿ, ಆಮೇಲೆ ಹಸಿಬಟ್ಟೆಯಿಂದ ಹೊರ ಅಂಚಿನಿಂದ ನಡುವಿಗೆ ಒರೆಸಿ ತೆಗೆಯಬೇಕು. ಹೆಂಚು, ಗಾಜು, ಕಬ್ಬಿಣ, ಬಣ್ಣ ಬಳಿದ ಗಟ್ಟಿಮರಗಳಿಗೆ ಸಾಬೂನು ಅಥವಾ ಬಟ್ಟೆಸೋಡ ಬೆರೆಸಿದ ಬಿಸಿನೀರು ಸಾಕು. ಒರೆಸಿದ ಬಟ್ಟೆಯನ್ನು ಅಲ್ಲಿಯೇ ಚೀಲದಲ್ಲಿ ಕಟ್ಟಿ ಹೊರಹಾಕಬೇಕು. ಉದುರುವ ಗಿಲಾವನ್ನು ನೀರು ಚಿಮುಕಿಸಿಯೇ ಕೆತ್ತಬೇಕು. ಒಳಗಿನವರೆಗೆ ಬೂಷ್ಟು ಹಿಡಿದ ಹತ್ತಿಯ ಹಾಸಿಗೆ, ದಿಂಬುಗಳ ಮೇಲೆ ಮೋಹ ಬೇಡ. ಕೊನೆಗೆ ಗಾಳಿ ಬಿಸಿಲುಗಳಿಗೆ ತೆರೆದಿಟ್ಟು ಪೂರ್ತಿ ಒಣಗಿಸಬೇಕು. ಫ್ಯಾನಿಗೆ ಕೆಲಸವಿರುವುದು ಆಗ.

ಬ್ಲೀಚಿಂಗ್ ಪೌಡರಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಮಣ್ಣು, ಗಿಲಾವುಗಳಂತಹ ಕುಡಿಯುವ ಗೋಡೆಗೆ ಅದು ಅಷ್ಟಾಗಿ ಫಲಕಾರಿಯಲ್ಲ. ಮೇಲಿನ ಬಣ್ಣ ಹೋಗುತ್ತದೆ, ಬೇರು ಉಳಿಯುತ್ತದೆ, ಅದರೊಡನೆ ಹಾಕಿದ ನೀರು ಒಳಗಿಳಿಯುತ್ತದೆ. ಹೆಚ್ಚಿನ ಅಪಾಯವಿರುವುದು ಬೆರಕೆಯಲ್ಲಿ. ಶೌಚಾಲಯ ತೊಳೆಯುವ ಆಸಿಡ್ಡನ್ನಾಗಲಿ ವಿನಿಗರನ್ನಾಗಲಿ ಬ್ಲೀಚಿಂಗ್ ಪೌಡರಿಗೆ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯವು ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಅಮೋನಿಯ ಇರುವ ದ್ರಾವಣಗಳೊಡನೆ ಬೆರೆಸಿದರೂ ವಿಷವೇ. ‘ಎರಡು ಹಾಕಿದರೆ ಎರಡು ಪಟ್ಟು ಸ್ವಚ್ಛ’ ಎಂಬ ಲೆಕ್ಕ ಬಚ್ಚಲಿನಲ್ಲಿ ನಡೆಯುವುದಿಲ್ಲ.

ನಮ್ಮ ಹಿರಿಯರ ಬಳಿಯಿದ್ದ ಔಷಧ ಸುಣ್ಣ. ಹೊಸದಾಗಿ ಅರಳಿಸಿದ ಸುಣ್ಣದ ಕ್ಷಾರಗುಣದಲ್ಲಿ ಬೂಷ್ಟು ಬದುಕಲಾರದು. ಜೊತೆಗೆ ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ. ಆದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಅದರ ಕ್ಷಾರ ದಿನೇ ದಿನೇ ಇಳಿಯುವುದರಿಂದ ವರ್ಷ ವರ್ಷವೂ ಬಳಿಯಬೇಕಾಗುತ್ತದೆ. ಹಬ್ಬಕ್ಕೆ ಸುಣ್ಣ ಬಳಿಯುವುದನ್ನು ಬರಿಯ ಅಲಂಕಾರವೆಂದು ತಿಳಿದು ನಾವು ಕೈಬಿಟ್ಟೆವು. ಮಾರಿಕಣಿವೆಯ ಕಟ್ಟೆಯೇ ಸುಣ್ಣದ ಗಾರೆಯ ಕೆಲಸವಲ್ಲವೇ! ಒಂದು ಎಚ್ಚರಿಕೆ: ಸುಣ್ಣದ ಕಲ್ಲು ನೀರಿನಲ್ಲಿ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಮಕ್ಕಳನ್ನು ದೂರವಿಡಿರಿ, ಸಿಡಿದರೆ ಬಹಳ ಹೊತ್ತು ಶುದ್ಧ ನೀರಿನಿಂದ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಪೂಜಾ ಕೋಣೆಗಳಿಗೆ ಕಿಟಕಿಯಿಡದಿರುವುದು ಇತ್ತೀಚಿನ ರೂಢಿ. ನಿತ್ಯ ಮಜ್ಜನದ ನೀರು, ಹಸಿ ಪತ್ರೆ, ಹೂವು, ಎಣ್ಣೆ ದೀಪದ ಜಿಡ್ಡು, ಮೇಲೆ ಮುಚ್ಚಿದ ಬಾಗಿಲು. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೇ? ನಿರ್ಮಾಲ್ಯವನ್ನು ದಿನದಿನವೂ ತೆಗೆದು, ಲಿಂಗವಸ್ತ್ರವನ್ನು ಬಿಸಿಲಿಗೆ ಹಾಕಿ, ಗೋಡೆಗೆ ಒಂದು ಬೆಳಕಿಂಡಿ ಇಡಿಸುವುದರಿಂದ ಶಾಸ್ತ್ರಕ್ಕೆ ಯಾವ ಚ್ಯುತಿಯೂ ಬಾರದು.

ಗೋಡೆಗಿಂತಲೂ ಗಂಭೀರವಾದುದು ಉಗ್ರಾಣದ ಬೂಷ್ಟು. ನಮ್ಮ ಜಿಲ್ಲೆ ಶೇಂಗಾದ ಜಿಲ್ಲೆ. ಸರಿಯಾಗಿ ಒಣಗದ ಶೇಂಗಾ, ಮೆಕ್ಕೆಜೋಳಗಳ ಮೇಲೆ ಬೆಳೆಯುವ ಹಳದಿ ಹಸಿರು ಬಣ್ಣದ ಒಂದು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷ ಟರ್ಕಿ ಕೋಳಿಗಳು ಸತ್ತುದರ ಕಾರಣ ಹುಡುಕುತ್ತ ಹೋದವರಿಗೆ ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. 1974ರಲ್ಲಿ ರಾಜಸ್ಥಾನ ಗುಜರಾತ್‌ಗಳ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲದ ಮಳೆಗೆ ತೊಯ್ದ ಮೆಕ್ಕೆಜೋಳವನ್ನು ಉಂಡು, ಕಾಮಾಲೆಯೆದ್ದು, ನೂರಕ್ಕೂ ಹೆಚ್ಚು ಜನ ಮಡಿದರು. ಬಡತನದಲ್ಲಿ ಕಾಳು ಚೆಲ್ಲಲು ಮನಸ್ಸು ಬಾರದು, ಅವರಿಗೂ ಬಂದಿರಲಾರದು. ಈ ವಿಷವು ಹುರಿದರೂ ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ, ತೊಳೆದರೆ ಹೋಗುವುದಿಲ್ಲ. ಅಲ್ಪ ಪ್ರಮಾಣದಲ್ಲಿ ವರ್ಷಗಟ್ಟಲೆ ಸೇವಿಸಿದರೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ.

ಅಕ್ಕನ ಮನೆಯಲ್ಲಿಯೂ ಆ ವರ್ಷ ಆರು ಚೀಲ ಶೇಂಗಾ ಗೋಡೆಗೆ ಒರಗಿಸಿಟ್ಟಿದ್ದರು. ತೆರೆದು ನೋಡಿದರೆ ಕೆಳಗಿನ ಎರಡು ಚೀಲ ಬೆಚ್ಚಗಿದ್ದು ಮುಗ್ಗಲು ವಾಸನೆ ಬರುತ್ತಿತ್ತು. “ಗಾಣಕ್ಕೆ ಹಾಕಿಸ್ತೀನಿ ಕಣೋ ತಮ್ಮಾ, ಹಿಂಡಿನಾದ್ರೂ ಎಮ್ಮೆಗಾಗುತ್ತೆ” ಎಂದಳು ಅಕ್ಕ. ನಾನು ತಡೆದೆ. ವಿಷದ ಹೆಚ್ಚು ಪಾಲು ಹಿಂಡಿಯಲ್ಲಿಯೇ ಉಳಿಯುತ್ತದೆ. ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲಿ ರೂಪಾಂತರವಾಗಿ ಬಂದು ಆ ಹಾಲನ್ನು ಕುಡಿಯುವ ಮಗುವಿಗೇ ಸೇರುತ್ತದೆ. ಗಾಣದ ಎಣ್ಣೆಯೂ ಪೂರ್ತಿ ನಿರ್ದೋಷಿಯಲ್ಲ. ಅಕ್ಕ ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ಹೊಲದ ಬದುವಿನಲ್ಲಿ ಗುಂಡಿ ತೋಡಿಸಿ ಎರಡನ್ನೂ ಹೂಳಿಸಿದಳು. ಉಳಿದ ಚೀಲಗಳನ್ನು ಬಿಸಿಲಿಗೆ ಹರಡಿ, ಅಲುಗಿಸಿದರೆ ಬೀಜ ಗಲಗಲ ಎನ್ನುವವರೆಗೆ ಒಣಗಿಸಿ, ಒಡೆದ, ಸುಕ್ಕಿದ, ಬಣ್ಣಗೆಟ್ಟ ಕಾಯಿಗಳನ್ನು ಆರಿಸಿ ತೆಗೆದು, ಗೋಡೆಯಿಂದ ಒಂದು ಮೊಳ ದೂರ, ಹಲಗೆಯ ಮೇಲೆ ಜೋಡಿಸಿದೆವು.

ಹಳೆಯ ಗ್ರಂಥಗಳಿರುವ ಮನೆಗಳವರಿಗೆ ಒಂದು ಮಾತು. ನಾನು ಮಠದಲ್ಲಿ ವಿದ್ಯಾರ್ಥಿಯಾಗಿದ್ದಾಗ ಬೂಷ್ಟು ಹಿಡಿದ ಒಂದು ಓಲೆಗರಿಯ ಕಟ್ಟನ್ನು ಒದ್ದೆ ಬಟ್ಟೆಯಿಂದ ಉಜ್ಜಿ, ಉರಿಬಿಸಿಲಿಗೆ ಇಟ್ಟೆ. ಸಂಜೆಗೆ ಗರಿಗಳು ಸುರುಳಿ ಸುತ್ತಿ ಸೀಳಿದ್ದವು, ಮಸಿ ಅಳಿಸಿತ್ತು. ಗುರುಗಳು ಬಯ್ಯಲಿಲ್ಲ. ಅಳಿದುಳಿದ ಗರಿಗಳನ್ನು ನನ್ನಿಂದಲೇ ಪ್ರತಿ ಮಾಡಿಸಿದರು. ಅರ್ಧ ಕೃತಿಗಿಂತ ಹೆಚ್ಚು ದಕ್ಕಲಿಲ್ಲ. ಓಲೆಗರಿಯಾಗಲಿ ಪುಸ್ತಕವಾಗಲಿ ಗಾಳಿಯಾಡುವ ನೆರಳಿನಲ್ಲಿ ಒಣಗಬೇಕು. ಒಣಗಿದ ಮೇಲೆ ಹೊರಾಂಗಣದಲ್ಲಿ, ಮುಖಗವಸು ತೊಟ್ಟು, ಮೃದುವಾದ ಕುಂಚದಿಂದ ನಮ್ಮಿಂದ ಆಚೆಗೆ ಮೆಲ್ಲಗೆ ಸವರಬೇಕು. ಬಾಯಿಂದ ಊದಬಾರದು. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಗರಿಗಳಿಗೆ ಮಜ್ಜಿಗೆಹುಲ್ಲಿನಂತಹ ಸುಗಂಧ ಹುಲ್ಲುಗಳ ಎಣ್ಣೆಯನ್ನು ತೆಳುವಾಗಿ ಸವರುವ ಪದ್ಧತಿಯಿದೆ. ಮನೆಯಲ್ಲಿ ಸ್ವಯಂಪ್ರಯೋಗ ಮಾಡುವುದಕ್ಕಿಂತ ಅಂಥ ತಜ್ಞರಿಗೆ ತೋರಿಸುವುದು ಉಚಿತ.

ಅಕ್ಕನ ಮನೆಯ ಗೋಡೆಯ ಎಣ್ಣೆಬಣ್ಣವನ್ನೂ ಮೂರಡಿ ಎತ್ತರದವರೆಗಿನ ಸಿಮೆಂಟನ್ನೂ ಕೆತ್ತಿ ತೆಗೆಸಿದೆವು. ಗವಾಕ್ಷಿ ತೆರೆಯಿತು, ಇಲಿಗೆ ಜಾಲರಿ ಬಂತು. ಗೋಡೆ ಒಣಗಲು ಶಿವರಾತ್ರಿಯವರೆಗೆ ಹಿಡಿಯಿತು. ಯುಗಾದಿಗೆ ಸುಣ್ಣ ಬಳಿದರು. ಬಚ್ಚಲಿಗೆ ಹೊಂದಿದ ಮೂಲೆಯೊಂದರಲ್ಲಿ ಮಾತ್ರ ಮಳೆಗಾಲಕ್ಕೆ ಈಗಲೂ ಅಂಗೈಯಗಲ ಕಪ್ಪು ಮೂಡುತ್ತದೆ. ಅಲ್ಲಿಯ ಕೊಳಾಯಿ ಎಲ್ಲಿ ಒಸರುತ್ತಿದೆಯೆಂದು ಇನ್ನೂ ಸಿಕ್ಕಿಲ್ಲ. ಸೊಸೆ ಹುಡುಗನನ್ನು ಅಜ್ಜಿಯೊಡನೆ ಜಗಲಿಗೆ ಕಳುಹಿಸಿ, ಮುಖಗವಸು ಕಟ್ಟಿಕೊಂಡು, ಸಾಬೂನಿನ ನೀರು ಚಿಮುಕಿಸಿ, ಹಸಿಬಟ್ಟೆಯಿಂದ ಅದನ್ನು ಒರೆಸಿ ತೆಗೆಯುತ್ತಾಳೆ.