ಹೊಳೆಗೆ ಬಿಟ್ಟ ಮೀನಿನ ಲೆಕ್ಕ

ಹೊಳೆಗೆ ಸುರಿದರೂ ಅಳೆದು ಸುರಿಯಬೇಕು ಎಂಬುದು ನಮ್ಮ ಹಿರಿಯರ ಮಾತು. ದುಂದುಗಾರರಿಗೆ ಹೇಳಿದ ಈ ಬುದ್ಧಿವಾದವನ್ನು ಅಕ್ಷರಶಃ ಆಚರಣೆಗೆ ತಂದವರು ಯಾರಾದರೂ ಉಂಟೆ ಎಂದು ಕೇಳಿದರೆ, ಕಾವೇರಿಯ ದಡದಲ್ಲಿ ಗಾಳ ಹಿಡಿದು ಕುಳಿತವರನ್ನು ತೋರಿಸಬೇಕಾಗುತ್ತದೆ. ದಿನವೆಲ್ಲ ಬಿಸಿಲಿನಲ್ಲಿ ಬೆಂದು ಹಿಡಿದ ಮೀನನ್ನು ಅವರು ತೂಗುತ್ತಿದ್ದರು. ತೂಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅನಂತರ ಮೀನನ್ನು ಮರಳಿ ಹೊಳೆಗೇ ಬಿಡುತ್ತಿದ್ದರು. ನೋಡುವವರಿಗೆ ಇದು ಹುಚ್ಚಾಟವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಆ ಪುಸ್ತಕವೇ ಮುಂದೊಂದು ದಿನ, ಕಾವೇರಿಯ ಅತಿ ದೊಡ್ಡ ಮೀನು ಅಳಿವಿನ ಅಂಚಿಗೆ ಬಂದಿದೆಯೆಂಬ ಸಂಗತಿಯನ್ನು ಜಗತ್ತಿಗೆ ತಿಳಿಸಿತು.

ಬೆಂಗಳೂರಿನ ಬನಶಂಕರಿಯಿಂದ ದಕ್ಷಿಣಕ್ಕೆ ಹೊರಡುವ ಕನಕಪುರ ರಸ್ತೆಯನ್ನು ಹಿಡಿದು ಸುಮಾರು ನೂರು ಕಿಲೋಮೀಟರು ಸಾಗಿದರೆ ಸಂಗಮ ಸಿಕ್ಕುತ್ತದೆ. ಅರ್ಕಾವತಿ ಕಾವೇರಿಯನ್ನು ಕೂಡುವ ಈ ಸ್ಥಳ ಜಯನಗರ, ಜೆ. ಪಿ. ನಗರಗಳ ಸಂಸಾರಗಳಿಗೆ ಬುತ್ತಿ ಕಟ್ಟಿಕೊಂಡು ಹೋಗುವ ವಿಹಾರಸ್ಥಾನವಾಗಿ ಪರಿಚಿತ. ಅಲ್ಲಿಂದ ಹೊಳೆಯ ಮೇಲ್ಗಡೆಗೆ ಗಾಲಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿ ಎಂಬ ತಾಣಗಳಿವೆ. ಗಾಳಗಾರರ ಲೋಕದಲ್ಲಿ ಈ ಹೆಸರುಗಳಿಗೆ ಇಂಗ್ಲೆಂಡಿನವರೆಗೂ ಖ್ಯಾತಿ ಹಬ್ಬಿತ್ತು.

ಪಂದ್ಯದ ಹುಟ್ಟು

ಗಾಳ ಹಾಕುವುದು ಬಹು ಪ್ರಾಚೀನವಾದ ಕಸಬು. ಅದನ್ನು ಇಂದಿನ ದೊಡ್ಡ ಪಂದ್ಯವಾಗಿ ಕಟ್ಟಿದ್ದು ಈಚಿನ ಸಂಗತಿ. ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ ವಿಮಾ ಪ್ರತಿನಿಧಿಯಾಗಿದ್ದ ರೇ ಸ್ಕಾಟ್ ಎಂಬುವರು ೧೯೬೭ರ ಜೂನ್ ತಿಂಗಳಲ್ಲಿ ಆರ್ಕನ್ಸಾದ ಬೀವರ್ ಸರೋವರದಲ್ಲಿ ‘ಬಾಸ್’ ಮೀನು ಹಿಡಿಯುವ ಪಂದ್ಯವೊಂದನ್ನು ಏರ್ಪಡಿಸಿದರು. ೧೦೬ ಮಂದಿ ಸ್ಪರ್ಧಿಗಳು ಬಂದರು. ಮರುವರ್ಷವೇ ಅದಕ್ಕೊಂದು ಸಂಘ ಹುಟ್ಟಿತು. ಇಂದು ಆ ದೇಶದಲ್ಲಿ ಅದನ್ನೇ ಜೀವನೋಪಾಯ ಮಾಡಿಕೊಂಡ ಆಟಗಾರರೂ ಇದ್ದಾರೆ.

ಬಹುಮಾನವಿದ್ದಲ್ಲಿ ಮೋಸವೂ ಇರುತ್ತದೆ. ೨೦೨೨ರಲ್ಲಿ ಅಮೆರಿಕದ ಈರಿ ಸರೋವರದ ಪಂದ್ಯವೊಂದರಲ್ಲಿ, ಗೆಲ್ಲಲಿದ್ದ ಜೋಡಿಯ ಮೀನುಗಳು ಗಾತ್ರಕ್ಕೆ ಮೀರಿ ತೂಗಿದವು. ಅನುಮಾನಗೊಂಡ ಮೇಲ್ವಿಚಾರಕರು ಎಲ್ಲರೆದುರಿಗೇ ಮೀನಿನ ಹೊಟ್ಟೆಯನ್ನು ಸೀಳಿದಾಗ ಒಳಗಿನಿಂದ ಸೀಸದ ಗುಂಡುಗಳು ಉರುಳಿದವು. ಹೀಗಾಗಿ ಇಂಥ ಪಂದ್ಯವನ್ನು ನಡೆಸುವವರಿಗೆ ದೋಣಿ, ಬಹುಮಾನಗಳ ಏರ್ಪಾಟಿಗಿಂತ ದೊಡ್ಡ ತಲೆನೋವು ನಂಬಿಕೆಯದು. ಎಷ್ಟು ಹೊತ್ತಿಗೆ ಗಾಳ ಇಳಿಸಬೇಕು, ಯಾವ ಎಲ್ಲೆಯೊಳಗೆ ಹಿಡಿಯಬೇಕು, ತೂಗುವಾಗ ಸಾಕ್ಷಿ ಯಾರು ಎಂಬುದೆಲ್ಲ ಮೊದಲೇ ಗೊತ್ತಾಗಿರಬೇಕು.

ರೇ ಸ್ಕಾಟರು ೧೯೭೨ರಲ್ಲಿ ಮತ್ತೊಂದು ಪದ್ಧತಿಗೆ ಪ್ರಚಾರ ಕೊಟ್ಟರು. ಅದುವರೆಗೆ ಗೆದ್ದವನು ಸತ್ತ ಮೀನಿನ ಮಾಲೆಯನ್ನು ಹಿಡಿದು ಚಿತ್ರ ತೆಗೆಸಿಕೊಳ್ಳುತ್ತಿದ್ದನು. ಇನ್ನು ಮುಂದೆ ಹಿಡಿದುದನ್ನು ಕೊಲ್ಲದೆ, ಜೀವಂತವಾಗಿ ತೂಗಿ ನೀರಿಗೆ ಬಿಡಬೇಕೆಂದು ಅವರು ಸಾರಿದರು. ಸತ್ತ ಮೀನು ತಂದವನಿಗೆ ತೂಕದಲ್ಲಿ ಕಡಿತ ಮಾಡುವುದು ಈಗ ಅಂಥ ಪಂದ್ಯಗಳಲ್ಲಿ ಸಾಮಾನ್ಯ ನಿಯಮ.

ಕಾವೇರಿಯ ಹುಲಿ

ಬಾಸ್ ಮೀನು ನಮ್ಮ ಹೊಳೆಗಳದಲ್ಲ. ಅದರ ವಿಶ್ವದಾಖಲೆ ೨೨ ಪೌಂಡಿನ ಆಸುಪಾಸಿನದು. ೧೯೩೨ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಸಿಕ್ಕಿದ ಮೀನಿನ ತೂಕಕ್ಕೆ ೨೦೦೯ರಲ್ಲಿ ಜಪಾನಿನ ಬಿವಾ ಸರೋವರದ ಮೀನೊಂದು ಸರಿಗಟ್ಟಿತು. ಕಾವೇರಿಯ ಮಹಸೀರಿನ ಮುಂದೆ ಈ ತೂಕ ಏನೇನೂ ಅಲ್ಲ. ೧೯೦೬ರಲ್ಲಿ ಮರ್ರೆ ಐನ್ಸ್‌ಲಿ ಎಂಬ ಆಂಗ್ಲರು ಹಿಡಿದದ್ದು ೧೦೪ ಪೌಂಡಿನ ಮೀನು. ೧೯೧೯ರಲ್ಲಿ ಮೇಜರ್ ರಿವೆಟ್ ಕಾರ್ನಾಕ್ ಹಿಡಿದದ್ದು ೧೧೯ ಪೌಂಡು. ೧೯೪೬ರ ಮಾರ್ಚಿಯಲ್ಲಿ, ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ಹದಮಾಡಿ ನಿಲ್ಲಿಸುವುದರಲ್ಲಿ ಹೆಸರಾಂತ ವಾನ್ ಇಂಗೆನ್ ಮನೆತನದವರೊಬ್ಬರಿಗೆ ಕಪಿಲೆಯಲ್ಲಿ ೧೨೦ ಪೌಂಡಿನ ಮೀನು ಸಿಕ್ಕಿತು. ಈ ತೂಕವನ್ನು ಮೀರಿಸಬೇಕೆಂಬ ಆಸೆಯೇ ಮುಂದೆ ಬಂದವರಿಗೆಲ್ಲ ಪಂದ್ಯವಾಯಿತು. ಎದುರಾಳಿ ಪಕ್ಕದ ಬಂಡೆಯ ಮೇಲೆ ಕುಳಿತವನಲ್ಲ, ೧೯೪೬ರ ಆ ಅಂಕಿ.

ಮಹಸೀರಿನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲುಗಳೆಲ್ಲ ಗಂಟಲಿನಲ್ಲಿ. ಏಡಿಯ ಚಿಪ್ಪನ್ನು ಅಲ್ಲಿ ಪುಡಿಮಾಡಿ ನುಂಗುವ ಈ ಮೀನು ಉಕ್ಕಿನ ಗಾಳವನ್ನೂ ಜಜ್ಜಿಬಿಡಬಲ್ಲುದು. ಅದಕ್ಕೆ ಒಡ್ಡುತ್ತಿದ್ದ ಎರೆ ಯಾವುದೆಂದು ಕೇಳಿದರೆ ವಾಚಕರಿಗೆ ನಗು ಬರಬಹುದು: ನಮ್ಮ ರಾಗಿಯ ಮುದ್ದೆ! ಮಸಾಲೆ ಬೆರೆಸಿ ಬೇಯಿಸಿ ಗಟ್ಟಿಯಾಗಿ ಕಟ್ಟಿದ ರಾಗಿಯ ಉಂಡೆಯನ್ನು ಗಾಳಕ್ಕೆ ಮೆತ್ತಿ ಪ್ರವಾಹಕ್ಕೆ ಎಸೆಯುತ್ತಿದ್ದರು. ಮೀನು ಕಚ್ಚಿ ಓಡಿದರೆ ಬಂಡೆಗಳ ನಡುವೆ ಹರಿಗೋಲಿನಲ್ಲಿ ಅದರ ಬೆನ್ನು ಹತ್ತಬೇಕು. ಹುಟ್ಟು ಹಾಕುವವನು ಸ್ಥಳದವನು. ಯಾವ ಮಡುವಿನಲ್ಲಿ ಯಾವ ಬಂಡೆಗೆ ದಾರ ಸಿಕ್ಕಿಕೊಳ್ಳುತ್ತದೆಂಬುದು ಅವನಿಗೆ ಅಂಗೈ ಗೆರೆಯಷ್ಟು ಪರಿಚಿತ. ಬಿರುದು ಯಾರಿಗೆ ಬಂದರೂ ಅರ್ಧ ವಿದ್ಯೆ ಅವನದು.

ಕಾವಲು ಮತ್ತು ಕಡತ

೧೯೭೭–೭೮ರಲ್ಲಿ ಇಂಗ್ಲೆಂಡಿನ ಮೂವರು ತರುಣರು ಇಲ್ಲಿಗೆ ಬಂದು ಭಾರಿ ಮಹಸೀರುಗಳನ್ನು ಹಿಡಿದ ಮೇಲೆ, ಮರೆತೇಹೋಗಿದ್ದ ಈ ಮೀನಿಗೆ ಮತ್ತೆ ಕೀರ್ತಿ ಬಂದಿತು. ಬೆಂಗಳೂರಿನಲ್ಲಿ ‘ವಾಸಿ’ ಎಂದು ಹೆಸರಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾಯುತ್ತಿತ್ತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಬಿಡಾರಗಳನ್ನು ತೆರೆಯಿತು. ಕೊಡಗಿನ ವಾಲ್ನೂರಿನ ಭಾಗವನ್ನು ಅಲ್ಲಿನ ವನ್ಯಜೀವಿ ಸಂಘ ನೋಡಿಕೊಂಡಿತು. ಎಲ್ಲ ಕಡೆಯೂ ಒಂದೇ ಕಟ್ಟಳೆ: ಹಿಡಿದ ಮೀನನ್ನು ಬಿಡತಕ್ಕದ್ದು.

ಆ ಕಾಲದಲ್ಲಿ ಹೊಳೆಗೆ ಸಿಡಿಮದ್ದು ಎಸೆದು ಮೀನು ಹಿಡಿಯುವುದು ದೊಡ್ಡ ಪಿಡುಗಾಗಿತ್ತು. ಒಂದು ಸಿಡಿತಕ್ಕೆ ಮರಿ, ಮೊಟ್ಟೆ, ತಾಯಿ ಎಲ್ಲವೂ ಬೆನ್ನಡಿಯಾಗಿ ತೇಲುತ್ತಿದ್ದವು. ಹಾಗೆ ಹಿಡಿಯುತ್ತಿದ್ದವರಲ್ಲೇ ಕೆಲವರನ್ನು ಸಂಬಳ ಕೊಟ್ಟು ಕಾವಲುಗಾರರನ್ನಾಗಿಯೂ ಮಾರ್ಗದರ್ಶಿಗಳನ್ನಾಗಿಯೂ ಮಾಡಿಕೊಂಡದ್ದು ಈ ಏರ್ಪಾಟಿನ ಜಾಣತನ. ಸತ್ತ ಮೀನಿನ ಬೆಲೆ ಒಂದು ಹೊತ್ತಿನದು. ಬದುಕಿದ ಮೀನು ವರ್ಷವರ್ಷವೂ ಸಂಬಳ ತರುತ್ತದೆಂಬುದು ಅವರಿಗೆ ಬೇಗ ಮನದಟ್ಟಾಯಿತು.

ಇದರ ಜೊತೆಗೆ ಗಾಲಿಬೋರೆಯಲ್ಲಿ ಲೆಕ್ಕದ ಪುಸ್ತಕವಿತ್ತು. ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ಒಂದೊಂದರ ತೂಕವೆಷ್ಟು ಎಂಬುದನ್ನು ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟಿದ್ದರು. ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ೨೦೧೫ರಲ್ಲಿ ಅದನ್ನು ಕೂಡಿ ಕಳೆದು ನೋಡಿದರು: ೨೩,೬೨೦ ಗಂಟೆಗಳ ಗಾಳ, ೬,೧೬೧ ಮಹಸೀರು, ತೂಕ ೧ ಪೌಂಡಿನಿಂದ ೧೦೪ ಪೌಂಡಿನವರೆಗೆ.

ವರ್ಷ ಕಳೆದಂತೆ ಸಿಕ್ಕುವ ಮೀನುಗಳ ಸಂಖ್ಯೆ ಏರುತ್ತಿತ್ತು. ಮೇಲುನೋಟಕ್ಕೆ ಸಂತೋಷದ ಸುದ್ದಿಯೇ. ಆದರೆ ಸರಾಸರಿ ತೂಕ ಇಳಿಯುತ್ತಿತ್ತು. ಕಾರಣವನ್ನು ಹುಡುಕಿದಾಗ ತಿಳಿದದ್ದು, ಹೊಳೆಯಲ್ಲಿ ಹೆಚ್ಚುತ್ತಿದ್ದುದು ನೀಲಿ ರೆಕ್ಕೆಯ ಮಹಸೀರು. ಅದು ಕಾವೇರಿಯ ಮೂಲನಿವಾಸಿಯಲ್ಲ. ಮಹಾರಾಷ್ಟ್ರದ ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿ, ಒಳ್ಳೆಯ ಉದ್ದೇಶದಿಂದಲೇ ಇಲ್ಲಿಗೆ ತಂದುಬಿಟ್ಟ ತಳಿ. ಕಾವೇರಿಗೇ ಸೇರಿದ, ಬೆನ್ನು ಡುಬ್ಬವಾದ, ಕಿತ್ತಳೆ ರೆಕ್ಕೆಯ ಹೊಂಬಣ್ಣದ ಮೀನು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿತ್ತು. ಸಿಕ್ಕಿದವೂ ದೊಡ್ಡವೇ; ಮರಿಗಳಿಲ್ಲ. ಅಜ್ಜ ಅಜ್ಜಿಯರು ಮಾತ್ರ ಉಳಿದು ತೊಟ್ಟಿಲು ತೂಗದ ಮನೆಯಂತಾಗಿತ್ತು ಆ ವಂಶ.

ಇಷ್ಟು ಪ್ರಸಿದ್ಧವಾದ ಮೀನಿನ ಶಾಸ್ತ್ರೀಯ ಹೆಸರು ಯಾವುದೆಂಬುದು ಖಚಿತವಾದದ್ದೂ ೨೦೧೮ರಲ್ಲಿ. ಕೇರಳದ ಪಾಂಬಾರ್ ಹೊಳೆಯ ಮೀನಿಗೆ ೨೦೦೭ರಲ್ಲಿ ಇಟ್ಟಿದ್ದ ‘ಟಾರ್ ರೆಮಾದೇವಿ’ ಎಂಬ ಹೆಸರು ಇದಕ್ಕೇ ಸಲ್ಲತಕ್ಕದ್ದೆಂದು ಆಗ ಗೊತ್ತಾಯಿತು. ಅದೇ ವರ್ಷ ಇದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

ಎರಡು ವಾದಗಳು

ಈ ಕಾಡು ೧೯೮೭ರಲ್ಲಿ ಕಾವೇರಿ ವನ್ಯಧಾಮವಾಯಿತು. ೧೯೭೨ರ ವನ್ಯಜೀವಿ ಕಾಯಿದೆಯ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಹೌದು. ೨೦೧೨ರ ವೇಳೆಗೆ ವನ್ಯಧಾಮದೊಳಗೆ ಗಾಳದ ಆಟ ನಿಂತುಹೋಯಿತು. ಅದರೊಂದಿಗೆ ಪುಸ್ತಕವೂ ಮುಚ್ಚಿತು.

ವನ್ಯಧಾಮವೆಂದ ಮೇಲೆ ಪ್ರಾಣಿಗೆ ನೋವುಂಟುಮಾಡುವ ವಿನೋದಕ್ಕೆ ಅಲ್ಲಿ ಎಡೆಯಿಲ್ಲವೆಂಬ ವಾದದಲ್ಲಿ ನ್ಯಾಯವಿದೆ. ಜಿಂಕೆಗೆ ಒಂದು ನೀತಿ, ಮೀನಿಗೆ ಇನ್ನೊಂದೇ? ಆದರೆ ಗಾಳಗಾರರೊಡನೆ ಅವರ ಹಣದಿಂದ ನಡೆಯುತ್ತಿದ್ದ ಕಾವಲೂ ಹೋಯಿತೆಂಬ ಮಾತನ್ನೂ ಅಲ್ಲಗಳೆಯುವಂತಿಲ್ಲ. ಶೃಂಗೇರಿ, ಶಿಶಿಲಗಳಲ್ಲಿ ದೇವರ ಮೀನೆಂದು ಮುಟ್ಟದೆ ಕಾಪಾಡಿದ ಸಂಪ್ರದಾಯ ನಮ್ಮದು. ಭಕ್ತಿಯಿಂದಾಗಲಿ, ಆಟದ ಆಸಕ್ತಿಯಿಂದಾಗಲಿ, ದಡದ ಮೇಲೆ ಎರಡು ಕಣ್ಣು ಎಚ್ಚರವಾಗಿರುವುದು ಮುಖ್ಯ.

ನಗರದ ಕೆರೆಯಂಚಿನಲ್ಲಿ

ಬಡಾವಣೆಯ ತರುಣರು ಸೇರಿ ಗಾಳದ ಪಂದ್ಯವೊಂದನ್ನು ನಡೆಸಬೇಕೆಂದರೆ ಮೊದಲ ಹೆಜ್ಜೆ ಅಪ್ಪಣೆ. ಕೆರೆಯ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುವ ರೂಢಿಯುಂಟು. ಗುತ್ತಿಗೆದಾರನ ಸೊತ್ತಿಗೆ ಹೇಳದೆ ಕೇಳದೆ ಗಾಳ ಹಾಕುವುದು ಕಳ್ಳತನವೇ ಸರಿ. ಎರಡನೆಯದು ಉಪಕರಣ. ಗಾಳದ ತುದಿಯ ಹಿಂದಿರುವ ಪುಟ್ಟ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಿಸಿದರೆ ಮೀನಿನ ಬಾಯಿ ಹರಿಯುವುದಿಲ್ಲ. ಒಣಗಿದ ಕೈಯಿಂದ ಮುಟ್ಟಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ರೋಗ ತಗಲುತ್ತದೆ, ಕೈ ನೆನೆದಿರಬೇಕು. ತೂಗುವುದಕ್ಕಿಂತ ನೀರಿನಲ್ಲೇ ಉದ್ದ ಅಳೆದು, ಸಾಕ್ಷಿಗೆ ಚಿತ್ರ ತೆಗೆದು, ದಣಿದ ಮೀನು ತಾನಾಗಿ ಈಜಿಹೋಗುವವರೆಗೆ ಆತುಕೊಂಡಿರುವುದು ಮೇಲು. ಬಿಸಿಲೇರುವ ಮೊದಲು, ಬೆಳಗಿನ ಹೊತ್ತಿಗೇ ಪಂದ್ಯ ಮುಗಿಯಬೇಕು.

ಬಿಡುವುದರಲ್ಲೂ ವಿವೇಕ ಬೇಕು. ಬಾಸ್ ಮೀನನ್ನು ಪರದೇಶದಿಂದ ತಂದುಕೊಂಡ ಜಪಾನು ಈಗ ಪರಿತಪಿಸುತ್ತಿದೆ. ಬಿವಾ ಸರೋವರದಲ್ಲಿ ಹಿಡಿದ ಬಾಸನ್ನು ಮರಳಿ ಬಿಡುವುದೇ ಅಲ್ಲಿ ನಿಷಿದ್ಧ. ನಮ್ಮ ಕೆರೆಗಳಲ್ಲಿ ತುಂಬಿಕೊಂಡಿರುವ ಜಿಲೇಬಿ ಮೀನೂ ಆಫ್ರಿಕದಿಂದ ಬಂದದ್ದೇ. ಮನೆಯ ಗಾಜಿನ ತೊಟ್ಟಿಯಲ್ಲಿ ಬೇಸರವಾದ ಮೀನನ್ನು ಮಕ್ಕಳು ಕನಿಕರದಿಂದ ಕೆರೆಗೆ ಬಿಡುವಾಗ ದೊಡ್ಡವರು ಕಾವೇರಿಯ ಕಥೆಯನ್ನು ಅವರಿಗೆ ಹೇಳಬೇಕು.

ಮೀನಿಗೂ ನಗರಕ್ಕೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ೧೯೭೪ರಿಂದ ಬೆಂಗಳೂರಿನ ನಲ್ಲಿಗಳಿಗೆ ತೊರೆಕಾಡನಹಳ್ಳಿಯ ಮೂಲಕ ಹರಿದುಬರುತ್ತಿರುವುದು ಕಾವೇರಿಯ ನೀರು. ಬಸವನಗುಡಿ, ಬನಶಂಕರಿಗಳ ಒಂದು ಪಾಲಿನ ಕೊಳಚೆ ವೃಷಭಾವತಿಗೆ ಬಿದ್ದು, ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಅದೇ ಕಾವೇರಿಗೆ ಇಳಿಯುತ್ತದೆ. ಪಡೆದದ್ದು ತಿಳಿನೀರು, ಹಿಂದಿರುಗಿಸುವುದು ಕೊಳೆ. ನಿರ್ಮಲವಾದ ಹರಿವಿಲ್ಲದೆ ಮಹಸೀರು ಬದುಕದು.

ಗೆದ್ದವರ ಹೆಸರು, ಬೆಳ್ಳಿಯ ಬಟ್ಟಲು ಎಲ್ಲವೂ ಕಾಲಕ್ರಮದಲ್ಲಿ ಮರೆಯಾಗುತ್ತವೆ. ಗಾಲಿಬೋರೆಯಲ್ಲಿ ಯಾರೋ ಒಬ್ಬನು ಸಂಜೆಯ ಮಬ್ಬಿನಲ್ಲಿ, ದೊಡ್ಡ ಮೀನು ಸಿಕ್ಕದ ದಿನವೂ ಬೇಸರಪಡದೆ ಬರೆದಿಟ್ಟ ಒಂದು ಪೌಂಡಿನ ಲೆಕ್ಕ ಮಾತ್ರ ಉಳಿಯಿತು. ಪಂದ್ಯ ಕಟ್ಟುವವರು ಬಹುಮಾನವನ್ನು ಕೊಳ್ಳುವ ಮೊದಲು ಒಂದು ನೋಟ್‌ಬುಕ್ಕನ್ನು ಕೊಳ್ಳಲಿ.