ಕರಿಬೇವಿನ ಗಿಡದ ಚಿಟ್ಟೆ

ಚಿಟ್ಟೆಯ ಫೋಟೊ ತೆಗೆಯಲು ದೊಡ್ಡ ಕ್ಯಾಮೆರಾ ಬೇಕೆಂದು ಗೆಳೆಯರು ಹೇಳುತ್ತಾರೆ. ನನ್ನ ಹತ್ತಿರ ಇರುವುದು ಭಾಯಿ ಬಳಸಿ ಕೊಟ್ಟ ಹಳೆಯ ಮೊಬೈಲ್. ಕ್ಯಾಮೆರಾಕ್ಕಿಂತ ಹೊತ್ತು ಮುಖ್ಯ. ಬೆಳಿಗ್ಗೆ ಚಿಟ್ಟೆ ಬಿಸಿಲಿಗೆ ಮೈ ಕಾಯಿಸಿಕೊಂಡ ಮೇಲೆಯೇ ಚೆನ್ನಾಗಿ ಹಾರಬಲ್ಲದು. ಅಲ್ಲಿಯವರೆಗೆ ರೆಕ್ಕೆ ಬಿಚ್ಚಿ ಕೂತಿರುತ್ತದೆ. ಕಾಲೇಜಿಗೆ ಹೊರಡುವ ಮೊದಲಿನ ಅರ್ಧ ಗಂಟೆ ನನಗೆ ಸಾಕು. ಜೂಮ್ ಮಾಡಿದರೆ ಫೋಟೊ ಮಸುಕಾಗುತ್ತದೆ, ಒಂದೊಂದೇ ಹೆಜ್ಜೆ ಹತ್ತಿರ ಹೋಗಬೇಕು. ನಮ್ಮ ನೆರಳು ಅದರ ಮೇಲೆ ಬೀಳಬಾರದು.

ನಮ್ಮ ಕರಿಬೇವಿನ ಗಿಡಕ್ಕೆ ಬರುವುದು ಕಾಮನ್ ಮಾರ್ಮನ್. ಕರಿಬೇವು, ನಿಂಬೆ ಎಲೆಗಳ ಮೇಲೆ ಮೊಟ್ಟೆ ಇಡುತ್ತದೆ. ಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಆಮೇಲೆ ಹಸಿರಾಗುತ್ತದೆ. ಸಾರಿಗೆ ಎಲೆಯೇ ಉಳಿಯುವುದಿಲ್ಲವೆಂದು ಅಮ್ಮಿ ಹುಳುಗಳನ್ನು ಕಿತ್ತೆಸೆಯುತ್ತಿದ್ದರು. ಇದೇ ಮುಂದೆ ತಿತ್ಲಿ ಆಗುವುದೆಂದು ಫೋಟೊಗಳನ್ನು ಸಾಲಾಗಿ ತೋರಿಸಿದ ಮೇಲೆ ಒಂದು ಕೊಂಬೆಯನ್ನು ಅವುಗಳಿಗೆ ಬಿಟ್ಟಿದ್ದಾರೆ. ಒಂದೇ ಕೊಂಬೆ!

ಈ ಜಾತಿಯ ಕೆಲವು ಹೆಣ್ಣುಗಳು ಕಾಮನ್ ರೋಸ್ ಎಂಬ ಬೇರೆ ಚಿಟ್ಟೆಯ ವೇಷದಲ್ಲಿರುತ್ತವೆ. ಕಾಮನ್ ರೋಸ್‌ನ ಹುಳು ಈಶ್ವರಿ ಬಳ್ಳಿ ತಿಂದು ಬೆಳೆಯುವುದರಿಂದ ಚಿಟ್ಟೆಯ ಮೈಯಲ್ಲೂ ವಿಷ ಉಳಿಯುತ್ತದೆ, ಹಕ್ಕಿಗಳು ಅದನ್ನು ಬಿಟ್ಟುಬಿಡುತ್ತವೆ. ವಿಷವಿಲ್ಲದ ಮಾರ್ಮನ್ ವೇಷದಿಂದಲೇ ಬದುಕಿಕೊಳ್ಳುತ್ತದೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಹೆಸರಾಂತ ಬ್ರ್ಯಾಂಡಿನ ನಕಲಿ ಲೇಬಲ್. ರೆಕ್ಕೆಗಳನ್ನು ನೋಡಿದರೆ ಗೊತ್ತಾಗುವುದು ಕಷ್ಟ. ಮೈ ನೋಡಬೇಕು: ರೋಸ್‌ನದು ಕೆಂಪು, ಮಾರ್ಮನ್‌ನದು ಕಪ್ಪು. ಆದ್ದರಿಂದ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ಇರಲೇಬೇಕು. ಪಕ್ಕದಿಂದ ತೆಗೆಯುವಾಗ ಮೊಬೈಲನ್ನು ಮಡಿಸಿದ ರೆಕ್ಕೆಗೆ ಸಮಾನಾಂತರವಾಗಿ ಹಿಡಿದರೆ ಮೈಯೂ ರೆಕ್ಕೆಯೂ ಸ್ಪಷ್ಟವಾಗಿ ಬರುತ್ತವೆ.