ಈಜು ಬಾರದವರಿಗೂ ಉಂಟು ಕಡಲ ತಳ

ಬೀಚಿಗೆ ಹೋದ ಯಾವ ಕುಟುಂಬವನ್ನಾದರೂ ನೋಡಿ. ಮಕ್ಕಳು ಅಲೆಗಳತ್ತ ಓಡುತ್ತಾರೆ, ದೊಡ್ಡವರು ಎದೆಮಟ್ಟದ ನೀರಿಗೆ ಇಳಿಯುತ್ತಾರೆ. ಎಲ್ಲರ ಚಪ್ಪಲಿ, ಮೊಬೈಲು, ಬ್ಯಾಗು ಕಾಯುತ್ತಾ ಅಮ್ಮನೋ ಅತ್ತೆಯೋ ದಡದಲ್ಲಿ ಕೂತಿರುತ್ತಾರೆ. ‘ನಂಗೆ ಈಜು ಬರಲ್ಲಪ್ಪ, ನೀವು ಹೋಗ್ಬನ್ನಿ’ ಎಂಬ ಒಂದು ಮಾತಿಗೆ ಅವರ ಪಾಲಿನ ಸಮುದ್ರ ಮುಗಿದೇ ಹೋಗುತ್ತದೆ. ಹಾಗೆ ಮುಗಿಯಬೇಕಾದ್ದಿಲ್ಲ. ಅಂಡಮಾನಿನ ‘ಸೀ ವಾಕ್’ನಲ್ಲಿ ಈಜುವ ಪ್ರಶ್ನೆಯೇ ಬರುವುದಿಲ್ಲ. ತಲೆಗೆ ಹೆಲ್ಮೆಟ್ ಧರಿಸಿ, ಏಣಿ ಇಳಿದು, ಕಡಲ ತಳದ ಮೇಲೆ ನಡೆದಾಡಿ ಬರಬಹುದು.

ಪೋರ್ಟ್ ಬ್ಲೇರ್‌ಗೆ (2024ರಿಂದ ಶ್ರೀ ವಿಜಯಪುರಂ) ಎದುರಾಗಿರುವ ನಾರ್ತ್ ಬೇ ಇದಕ್ಕೆ ಹೆಸರುವಾಸಿ. ಹಳೆಯ 20 ರೂಪಾಯಿ ನೋಟಿನ ಹಿಂಬದಿಯಲ್ಲಿ ಮರಗಳಾಚೆ ಕಾಣುವ ದೀಪಸ್ತಂಭದ ತೀರ ಇದೇ. ಊರಿನ ಜೆಟ್ಟಿಯಿಂದ ದೋಣಿಯಲ್ಲಿ ಹೋಗಬೇಕು. ಹ್ಯಾವ್ಲಾಕ್ ದ್ವೀಪದ ಎಲಿಫೆಂಟ್ ಬೀಚ್‌ನಲ್ಲೂ ಸೀ ವಾಕ್ ಇದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ, ನೀರು ತಿಳಿ.

ತಲೆ ನೆನೆಯದ ಗುಟ್ಟು

ಲೋಟವನ್ನು ಬೋರಲು ಹಿಡಿದು ಬಕೆಟ್ಟಿನ ನೀರಿಗೆ ಒತ್ತಿದರೆ ಒಳಗಿನ ಗಾಳಿ ನೀರನ್ನು ಒಳಕ್ಕೆ ಬಿಡುವುದಿಲ್ಲ. ಹೆಲ್ಮೆಟ್ಟಿನ ಗುಟ್ಟೂ ಅಷ್ಟೇ. ಅದರ ಅಡಿ ತೆರೆದಿರುತ್ತದೆ, ಭುಜದ ಮೇಲೆ ಸುಮ್ಮನೆ ಕೂತಿರುತ್ತದೆ. ಮೇಲಿನ ಕಂಪ್ರೆಸರ್‌ನಿಂದ ಕೊಳವೆಯಲ್ಲಿ ಸತತವಾಗಿ ಗಾಳಿ ಬರುತ್ತದೆ, ಹೆಚ್ಚಾದದ್ದು ಕೆಳಗಿನಿಂದ ಗುಳ್ಳೆಯಾಗಿ ಹೊರಹೋಗುತ್ತದೆ. ಮುಖ, ಕೂದಲು ಒದ್ದೆಯಾಗುವುದಿಲ್ಲ, ಕನ್ನಡಕವನ್ನೂ ತೆಗೆಯಬೇಕಿಲ್ಲ. ಮೂಗಿನಲ್ಲೇ ಉಸಿರಾಡಬಹುದು. ದಡದಲ್ಲಿ ಮೂವತ್ತು ಕಿಲೋ ದಾಟುವ ಹೆಲ್ಮೆಟ್ ನೀರಿಗಿಳಿದ ಮೇಲೆ ಕೆಲವೇ ಕಿಲೋದಷ್ಟು ಅನ್ನಿಸುತ್ತದೆ. ಬಗ್ಗಿ ನೋಡುವುದು ಮಾತ್ರ ಕೂಡದು. ತಲೆ ವಾಲಿದರೆ ಗಾಳಿ ತಪ್ಪಿಸಿಕೊಂಡು ನೀರು ಗಲ್ಲದವರೆಗೆ ಏರುತ್ತದೆ.

ಇದು ಪ್ರವಾಸಿಗರಿಗಾಗಿ ಹುಟ್ಟಿದ ಆಟಿಕೆಯಲ್ಲ. ಇಂಗ್ಲೆಂಡಿನ ಡೀನ್ ಸಹೋದರರು ಹೊಗೆಯೊಳಗೆ ನುಗ್ಗುವ ಅಗ್ನಿಶಾಮಕರಿಗಾಗಿ 1823ರಲ್ಲಿ ಪೇಟೆಂಟ್ ಪಡೆದ ಹೆಲ್ಮೆಟ್ಟೇ ಮುಂದೆ ಮುಳುಗುಗಾರರ ಸಾಧನವಾಯಿತು. ಅದನ್ನು ತೊಟ್ಟೇ ಅವರು 1836ರಲ್ಲಿ ಮೇರಿ ರೋಸ್ ಎಂಬ ಮುಳುಗಿದ ಯುದ್ಧನೌಕೆಯನ್ನು ತಲುಪಿದರು. 1920ರ ದಶಕದಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ವಿಲಿಯಂ ಬೀಬಿ ಹವಳದ ಮೀನುಗಳನ್ನು ಅವುಗಳ ಮನೆಯಲ್ಲೇ ನಿಂತು ನೋಡಿದ್ದೂ ಇಂಥದೇ ಹೆಲ್ಮೆಟ್ಟಿನಲ್ಲಿ.

ಕಿವಿಯೇ ಪರೀಕ್ಷೆ

ಇಳಿಯುವವರು ಹೆದರುವುದು ಉಸಿರಿಗೆ. ತೊಂದರೆ ಕೊಡುವುದು ಕಿವಿ. ಐದು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಒಂದೂವರೆ ಪಟ್ಟು. ಏಣಿಯ ನಾಲ್ಕಾರು ಮೆಟ್ಟಿಲು ಇಳಿಯುವಷ್ಟರಲ್ಲೇ ಕಿವಿ ಬಿಗಿಯತೊಡಗುತ್ತದೆ. ಆಗ ಅಲ್ಲೇ ನಿಂತು, ಹೆಲ್ಮೆಟ್ಟಿನ ಕೆಳಗಿಂದ ಕೈ ತೂರಿಸಿ, ಮೂಗು ಹಿಡಿದು, ಬಾಯಿ ಮುಚ್ಚಿ ಮೆಲ್ಲಗೆ ಗಾಳಿ ಊದಬೇಕು. ಕಿವಿಯೊಳಗೆ ‘ಟಪ್’ ಎಂದರೆ ಮುಂದಿನ ಮೆಟ್ಟಿಲು. ಬಿಡದಿದ್ದರೆ ಎರಡು ಮೆಟ್ಟಿಲು ಮೇಲೇರಿ ಮತ್ತೆ ಪ್ರಯತ್ನಿಸಬೇಕು. ನೋವು ನುಂಗಿಕೊಂಡು ಇಳಿಯುವುದು ಧೈರ್ಯವಲ್ಲ, ಕಿವಿಯ ತಮಟೆಗೇ ಅಪಾಯ. ಮೇಲೇರುವಾಗ ಉಸಿರು ಬಿಗಿಹಿಡಿಯಲೇಬಾರದು. ಕೆಳಗೆ ಎಳೆದುಕೊಂಡ ಗಾಳಿ ಮೇಲೇರಿದಂತೆ ಹಿಗ್ಗುತ್ತದೆ, ಶ್ವಾಸಕೋಶಕ್ಕೆ ಪೆಟ್ಟಾಗಬಹುದು.

ನೆಗಡಿ, ಸೈನಸ್ ಇದ್ದವರು ಆ ದಿನ ಬಿಟ್ಟುಬಿಡಿ. ಅಸ್ತಮಾ, ಹೃದ್ರೋಗ, ಮೂರ್ಛೆರೋಗ ಇರುವವರು, ಕಿವಿಯ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಇಳಿಯಬಾರದು. ಗರ್ಭಿಣಿಯರಿಗೆ ಬೇಡವೇ ಬೇಡ. ಬಂದ ಮೇಲೆ ವಿಮಾನ ಹತ್ತಲು ಕನಿಷ್ಠ 12 ಗಂಟೆ ಬಿಡುವಿರಲಿ.

ಕೈ ನಿಮ್ಮ ಬಳಿಯೇ ಇರಲಿ

ಕೆಳಗೆ ಸಿಗುವುದು ಇಪ್ಪತ್ತು ನಿಮಿಷದ ನಡಿಗೆ. ಪಟ್ಟೆಪಟ್ಟೆಯ ಮೀನುಗಳು ಹೆಲ್ಮೆಟ್ಟಿನ ಗಾಜಿನ ಹತ್ತಿರಕ್ಕೇ ಬಂದು ಇಣುಕುತ್ತವೆ. ಗಿಳಿಮೀನು ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನು ಕೆರೆದು ಪಾಚಿ ತಿನ್ನುತ್ತದೆ, ಕಲ್ಲಿನ ಪುಡಿಯನ್ನು ಮರಳಾಗಿ ಹೊರಹಾಕುತ್ತದೆ. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಇದರ ಪಾಲೂ ಇದೆ.

ಈ ಹವಳ ಬರೀ ಕಲ್ಲಲ್ಲ, ಜೀವ. 2010ರಲ್ಲಿ ನೀರು ಬಿಸಿಯೇರಿದಾಗ ಅಂಡಮಾನಿನ ಹವಳ ವ್ಯಾಪಕವಾಗಿ ಬಿಳಿಚಿಕೊಂಡಿತ್ತು. ಅಷ್ಟು ನೊಂದ ಜೀವದ ಮೇಲೆ ನಮ್ಮ ಕಾಲೂ ಬೀಳಬೇಕೆ? ಮುಟ್ಟಬೇಡಿ, ತುಳಿಯಬೇಡಿ. ಫೋಟೊಗಾಗಿ ಮೀನಿಗೆ ಬ್ರೆಡ್ ಹಾಕಲು ಕೊಟ್ಟರೆ ಬೇಡವೆನ್ನಿ. ಪಾಚಿ ತಿನ್ನಬೇಕಾದ ಮೀನು ಬ್ರೆಡ್ಡಿಗೆ ಕಾದು ಕೂತರೆ ಹವಳದ ಮೇಲೆ ಪಾಚಿಯೇ ಬೆಳೆಯುತ್ತದೆ. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ತುಂಡು ಎತ್ತಿಕೊಂಡು ಬಂದರೆ ಅಪರಾಧ.

ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಆಳ? ಒಬ್ಬ ಡೈವರ್ ಎಷ್ಟು ಜನರನ್ನು ನೋಡಿಕೊಳ್ಳುತ್ತಾನೆ? ಗಾಳಿ ನಿಂತರೆ ಬದಲಿ ವ್ಯವಸ್ಥೆ ಏನು? ಕೈಸನ್ನೆ ಕಲಿಸುತ್ತಾರೆಯೇ? ಬೆರಳು ಸುತ್ತಿ ಉಂಗುರ ಮಾಡಿದರೆ ‘ಸರಿ’, ಹೆಬ್ಬೆರಳು ಮೇಲೆತ್ತಿದರೆ ‘ಮೇಲೆ ಹೋಗೋಣ’. ಇಷ್ಟನ್ನು ನಿಧಾನವಾಗಿ ಹೇಳಿಕೊಡುವವರ ಜೊತೆ ಈಜು ಬಾರದ ಅಮ್ಮನನ್ನು ನಿಶ್ಚಿಂತೆಯಿಂದ ಕಳಿಸಬಹುದು. ಅವಸರ ಮಾಡುವವರು ಎಷ್ಟೇ ಕಡಿಮೆ ದರ ಹೇಳಿದರೂ ಮುಂದಿನವರನ್ನು ವಿಚಾರಿಸಿ.